ಚಾಲೂ ಆಗ್ಲಿಕತ್ತದ, ಕುಂದ್ರಿ

ನಾನು ನಿಧಾನಸ್ಥನೆಂದು ಚಿತ್ತಾಪುರದಲ್ಲಿ ಹೆಸರಾಗಿದೆ. ಇದು ನಾನು ದುಡಿದು ಗಳಿಸಿದ ಹೆಸರಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ಗಳಿಸಿಕೊಟ್ಟದ್ದು. ತಹಸೀಲ್ ಕಚೇರಿಯ ಎದುರಿನ ಸಾಲಿನಲ್ಲಿ ಪುಟ್ಟ ಮಳಿಗೆ ಇಟ್ಟುಕೊಂಡು ಖರೀದಿಪತ್ರ, ಪಾಲುಪತ್ರ, ಬಾಡಿಗೆ ಕರಾರು ಬರೆದುಕೊಡುವುದು ನನ್ನ ಕಸುಬು. ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಕಸ ಹೊಡೆದು, ಬಸವಣ್ಣನ ಪಟಕ್ಕೆ ಊದುಬತ್ತಿ ಹಚ್ಚಿ, ಪಕ್ಕದ ಅಂಗಡಿಯ ಪೇಪರನ್ನು ನಿಧನವಾರ್ತೆಗಳ ಸಮೇತ ಓದಿ ಮುಗಿಸಿದರೂ ಪರದೆಯ ಮೇಲೆ ಚುಕ್ಕಿಗಳು ಗಿರಗಿರ ತಿರುಗುತ್ತಲೇ ಇರುತ್ತಿದ್ದವು. ಅರ್ಧ ತಾಸು ಅಂದರೆ ಅರ್ಧ ತಾಸು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ, ಏಕೆಂದರೆ ಅದರ ಬ್ಯಾಟರಿ ಎಂದೋ ಲಿಂಗೈಕ್ಯವಾಗಿತ್ತು.

ಬಂದ ಗಿರಾಕಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು: “ಚಾಲೂ ಆಗ್ಲಿಕತ್ತದ, ಕುಂದ್ರಿ.” ಅವರು ಬೆಂಚಿನ ಮೇಲೆ ಕೂರುತ್ತಿದ್ದರು. ಚಹಾ ಬರುತ್ತಿತ್ತು. ಹೊಲ ಹಂಚಿಕೊಳ್ಳಲು ಬಂದವರು ಅರ್ಧ ತಾಸು ಒಂದೇ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿಕೊಂಡು ಕೂತರೆ ಮೊದಲು ತೊಗರಿಯ ಮಾತು ಬರುತ್ತದೆ, ಆಮೇಲೆ ಅಕ್ಕನ ಮಗಳ ಲಗ್ನದ ಮಾತು ಬರುತ್ತದೆ, ಕೊನೆಗೆ “ಇವತ್ತ ಬ್ಯಾಡ ಬಿಡ್ರಿ, ಮುಂದ ನೋಡೋಣು” ಎಂದು ಎದ್ದು ಹೋಗುತ್ತಾರೆ. ಹೀಗೆ ಎಷ್ಟೋ ಮನೆಗಳು ನನ್ನ ಲ್ಯಾಪ್‌ಟಾಪಿನ ದಯೆಯಿಂದ ಒಡೆಯದೆ ಉಳಿದವು. ನನ್ನ ಮನೆ ಹೇಗೆ ನಡೆಯಬೇಕು ಎಂಬುದನ್ನು ಮಾತ್ರ ಅದು ಯೋಚಿಸಿರಲಿಲ್ಲ.

ವಾಡಿ ಕಡೆಯ ಅಣ್ಣತಮ್ಮಂದಿರು ಸಿದ್ದಣ್ಣ, ಮಲ್ಲಣ್ಣ ಹೀಗೇ ಮೂರು ಸಲ ಬಂದು ಮೂರು ಸಲವೂ ಚಹಾ ಕುಡಿದು ಹೋದವರು. ಹೊಲ, ಮನೆಗಳ ಪಾಲು ಬಾಯಿಮಾತಿನಲ್ಲೇ ಬಗೆಹರಿದಿತ್ತು. ತಕರಾರು ಇದ್ದುದು ಮನೆ ಮುಂದಿನ ಕಟ್ಟೆಗೆ ಹಾಸಿದ್ದ ಶಹಾಬಾದ್ ಫರ್ಸಿಯದು. ಆರಡಿ ಉದ್ದದ ಒಂದೇ ಕಲ್ಲು; ಅವರಪ್ಪ ಖಣಿಯಿಂದ ಎತ್ತಿನ ಬಂಡಿಯಲ್ಲಿ ತಂದದ್ದು. ದಿನಾ ಸಂಜೆ ಇಬ್ಬರೂ ಅದೇ ಕಲ್ಲಿನ ಮೇಲೆ ಕೂತು, ಅದನ್ನು ನಡುವೆ ಕಡಿಯುವ ಬಗ್ಗೆ ಜಗಳಾಡುತ್ತಿದ್ದರು.

ನನ್ನ ಹೆಂಡತಿ ಶಾಲೆಯ ಟೀಚರು. ಒಂದು ದಿನ ಅವಳ ತಾಳ್ಮೆ ಕೆಟ್ಟಿತು. “ರೀ, ಅದರಾಗಿನ ಹಳೇ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಸ್ರಿ. ನಮ್ಮ ಸಾಲಿ ಕಂಪ್ಯೂಟರಿಗಿ ಹಾಕಿಸೀವಿ, ಕಣ್ಣು ಮುಚ್ಚಿ ತೆಗೆಯೋದ್ರಾಗ ಚಾಲೂ ಆಗ್ತದ,” ಅಂದಳು. ಅವಳನ್ನೇ ಕೇಳಿ ತರಿಸಿದ್ದರೆ ನನ್ನ ಗಂಡಸುತನ ಎಲ್ಲಿ ಉಳಿಯಬೇಕು? ಮೊಬೈಲಿನಲ್ಲಿ ಕೊಂಡವರು ಎಲ್ಲಕ್ಕಿಂತ ಹೆಚ್ಚು ಚುಕ್ಕಿ ಕೊಟ್ಟಿದ್ದನ್ನು ನೋಡಿ ನಾನೇ ತರಿಸಿದೆ. ಬಂದದ್ದು ಶೇಂಗಾ ಚಿಕ್ಕಿಯ ತುಂಡಿನಂಥದು.

ಶಹಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಖಲೀಲ್ ಭಾಯ್ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಚಿಕ್ಕಿ ತುಂಡನ್ನೂ ನನ್ನನ್ನೂ ಒಂದೇ ರೀತಿ ನೋಡಿದರು. “ಇದು ಹೊಸ ಮಾಡೆಲ್‌ಗೋಳಿಗಿ ಸಾಬ್. ನಿಮ್ಮದ್ರಾಗ ಇದಕ್ಕ ಕುಂದ್ರೋ ಜಾಗಾನೇ ಇಲ್ಲ.” ಕೊನೆಗೆ ತಮ್ಮಲ್ಲಿದ್ದ ಚಪ್ಪಟೆ ಡಬ್ಬಿಯಂಥ ಎಸ್‌ಎಸ್‌ಡಿ ಕೂರಿಸಿದರು. “ಡಿಸ್ಕ್ ಜೋರ್ ಅದ, ಆದ್ರ ಮಷೀನ್ ಹಳೇದು. ಎಕ್ಸ್‌ಪ್ರೆಸ್ ಗಾಡಿ ವಾಡಿ ಔಟರ್ ಸಿಗ್ನಲ್‌ನಾಗ ನಿಂತಂಗ. ಅರ್ಧ ಸ್ಪೀಡ್ ಅಷ್ಟೇ ಸಿಗ್ತದ ನೋಡ್ರಿ.” ಅರ್ಧವಾದರೂ ಸಿಗಲಿ ಎಂದೆ. ಆ ಅರ್ಧವೆಂದರೆ ಹದಿನೈದು ಸೆಕೆಂಡು.

ಮರುದಿನ ಸಿದ್ದಣ್ಣ, ಮಲ್ಲಣ್ಣ ನಾಲ್ಕನೇ ಸಲ ಬಂದರು. ನಾನು ಗುಂಡಿ ಒತ್ತಿ “ಚಾಲೂ ಆಗ್ಲಿಕತ್ತದ” ಅನ್ನುವಷ್ಟರಲ್ಲಿ ಚಾಲೂ ಆಗಿಯೇ ಬಿಟ್ಟಿತ್ತು. ಪರದೆ ತುಂಬ ಹಸಿರು ಹೊಲದ ಚಿತ್ರ. ಅವರಿನ್ನೂ ಕೂತಿರಲಿಲ್ಲ, ಚಹಾದವನಿಗೆ ಸುದ್ದಿಯೇ ಮುಟ್ಟಿರಲಿಲ್ಲ. ನನಗೂ ವೇಗದ ಮದ ಏರಿತ್ತು. ಹಳೆಯದೊಂದು ಪಾಲುಪತ್ರ ತೆಗೆದು, ಹೆಸರು, ಸ್ವತ್ತು ಬದಲಿಸಿ, ಹನ್ನೊಂದು ನಿಮಿಷದಲ್ಲಿ ಪ್ರಿಂಟ್ ಕೊಟ್ಟೆ. ಕಾಗದ ಬಿಸಿಯಾಗಿತ್ತು, ಅವರು ಅದಕ್ಕಿಂತ ಬಿಸಿಯಾಗಿದ್ದರು. ನಿಂತುಕೊಂಡೇ ಸಹಿ ಹಾಕಿ, ಒಬ್ಬ ಆ ಕಡೆ, ಒಬ್ಬ ಈ ಕಡೆ ನಡೆದರು. ನಾನು ಖಾಲಿ ಬೆಂಚು ನೋಡುತ್ತ ಕೂತೆ. ಆ ಕಲ್ಲು ಕಡಿದರೆ ಅವರಿಬ್ಬರೂ ಇನ್ನು ಎಲ್ಲಿ ಕೂತು ಜಗಳಾಡಬೇಕು?

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಶಹಾಬಾದಿಗೆ ಹೋದೆ. “ಖಲೀಲ್ ಭಾಯ್, ಇದನ್ನ ಸ್ವಲ್ಪ ನಿಧಾನ ಮಾಡಿಕೊಡ್ರಿ.”

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಇಪ್ಪತ್ತು ವರ್ಷ ಆಯ್ತು ಅಂಗಡಿ ಇಟ್ಟು. ನಿಧಾನ ಮಾಡ್ರಿ ಅಂತ ಬಂದವ್ರು ನೀವೇ ಮೊದಲು.”

“ಹಂಗಾದ್ರ ಹಳೇ ಡಿಸ್ಕೇ ಹಾಕಿಬಿಡ್ರಿ.”

“ಅದು ಒಳಗಿಂದು ಎಲ್ಲಾ ಇದಕ್ಕ ಕೊಟ್ಟು ಸತ್ತೋಯ್ತು ಸಾಬ್. ನಿಮ್ಮ ಸಲುವಾಗೇ ಇಷ್ಟು ದಿನ ಜೀವ ಹಿಡಿದಿತ್ತು,” ಎಂದು ಅವರು ಸಮಾಧಾನ ಹೇಳಿ ಕಳಿಸಿದರು.

ಮರಳಿ ಬಂದರೆ ಅಣ್ಣತಮ್ಮಂದಿರು ನನ್ನ ಮಳಿಗೆಯ ಮೆಟ್ಟಿಲ ಮೇಲೆ ಕೂತಿದ್ದರು. ಸಿದ್ದಣ್ಣ ಪತ್ರವನ್ನು ನನ್ನ ಮೂಗಿಗೆ ಹಿಡಿದ. “ಏನ್ ಬರದೀರಿ ನೋಡ್ರಿ. ಫರ್ಸಿದು ಮ್ಯಾಲಿನ ಭಾಗ ನನಗಂತ, ಕೆಳಗಿನ ಭಾಗ ತಮ್ಮಗಂತ.”

ಹಳೆಯ ಪತ್ರ ಮಾಳಿಗೆ ಮನೆಯದು. ಅದರಲ್ಲಿ ಮನೆಯ ಮೇಲಿನ ಭಾಗ ಅಣ್ಣನಿಗೆ, ಕೆಳಗಿನ ಭಾಗ ತಮ್ಮನಿಗೆ. ನಾನು ಮನೆ ಇದ್ದಲ್ಲಿ ಫರ್ಸಿ ಎಂದು ಬದಲಿಸಿ ಕೈತೊಳೆದುಕೊಂಡಿದ್ದೆ.

“ಕಲ್ಲು ಕಡಿಯೋನಿಗಿ ಕೇಳಿದ್ವಿ,” ಎಂದ ಮಲ್ಲಣ್ಣ. “ಶಹಾಬಾದ್ ಕಲ್ಲು ಪದರ ಪದರ ಇರ್ತದ, ಬೇಕಾದ್ರ ಸೀಳಿ ಕೊಡ್ತೀನಿ ಅಂದ. ಆದ್ರ ಆಮ್ಯಾಲ ಯಾರು ಕುಂತ್ರೂ ಮುರೀತದ ಅಂದ. ಬರೋಬ್ಬರಿ ಬರದು ಕೊಡ್ರಿ.”

ಬೆಂಚು ತೋರಿಸಿದೆ. ಗುಂಡಿ ಒತ್ತಿದೆ. ಹದಿನೈದು ಸೆಕೆಂಡಿಗೆ ಹಸಿರು ಹೊಲ ಬಂತು. ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡು, ಕನ್ನಡಕ ಏರಿಸಿ, ಹುಬ್ಬು ಗಂಟಿಕ್ಕಿ ಹೇಳಿದೆ: “ಚಾಲೂ ಆಗ್ಲಿಕತ್ತದ, ಕುಂದ್ರಿ.”

ಚಹಾ ಬಂತು. ಇಪ್ಪತ್ತು ನಿಮಿಷ ನಾನು ಆ ಹೊಲವನ್ನೇ ನೋಡುತ್ತ, ಆಗಾಗ ಲೊಚಗುಟ್ಟುತ್ತ, ಸುಮ್ಮನೆ ಒಂದೊಂದು ಕೀಲಿ ಒತ್ತುತ್ತ ಕೂತೆ. ನಾಟಕದ ಕಂಪನಿ ಸೇರಬೇಕಿದ್ದವನು ಇಲ್ಲಿ ಹಾಳಾದೆನಲ್ಲ ಅನಿಸಿತು. ಬೆಂಚಿನ ಮೇಲೆ ಮಾತು ತೊಗರಿ ದಾಟಿ, ಅಪ್ಪ ಆ ಕಲ್ಲು ತಂದ ದಿನ ಎತ್ತು ಕಾಗಿಣಾ ಹೊಳೆಯ ದಂಡೆಯಲ್ಲಿ ಹಟ ಹಿಡಿದು ಮಲಗಿದ್ದಕ್ಕೆ ಬಂದಿತ್ತು. ಚಹಾದ ಲೋಟಗಳು ಪಾಲುಪತ್ರದ ಮೇಲೆ ಕೂತಿದ್ದವು. ಆಗ ಮಲ್ಲಣ್ಣ ನನ್ನ ಮುಖವನ್ನೇ ನೋಡಿದ.

“ಸಾಹೇಬ್ರ, ನಿಮ್ಮ ಚಶ್ಮಾದಾಗ ಹಸರು ಹೊಲ ಕಾಣ್ಲಿಕತ್ತದ. ಅದು ಚಾಲೂ ಆಗಿ ಭಾಳ ಹೊತ್ತಾತು.”

ನಾಚಿಕೆಯಾಗಿ ಕೀಲಿಮಣೆಗೆ ಕೈಹಾಕಿದೆ. ಸಿದ್ದಣ್ಣ ನನ್ನ ಕೈ ಹಿಡಿದ.

“ಇರ್ಲಿ ಬಿಡ್ರಿ. ಆಗ್ಲಿಕತ್ತದ ಅಂತನೇ ಅನ್ರಿ. ಇನ್ನೊಂದೊಂದು ಚಹಾ ಹೇಳ್ತೀನಿ.”

ಪತ್ರ ಅವತ್ತೂ ಆಗಲಿಲ್ಲ. ಹಳೇ ಡಿಸ್ಕ್ ಮಾಡುತ್ತಿದ್ದ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ನಿಧಾನಸ್ಥನೆಂಬ ಹೆಸರು ಈಗಲೂ ಇದೆ. ಅದನ್ನು ದುಡಿದೇ ಗಳಿಸುತ್ತಿದ್ದೇನೆ.