ಮೆಕ್ಸಿಕೋ ಹುಡುಗಿಗೆ ನಾನೇ ಸೋದರಮಾವ

ಜರ್ಮನಿಯವರೇ ಕರೆದು ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಇಲ್ಲಿಗೆ ಬಂದ ನಮ್ಮವರು ಕಂಪ್ಯೂಟರ್ ಕೆಲಸದಲ್ಲಿ ಹೆಸರು ಮಾಡಿದರು. ಅದೇನು ಮಹಾ! ಮೆಕ್ಸಿಕೋದ ಹುಡುಗಿಗೆ ಸೋದರಮಾವನಾಗಿ ಹೆಸರು ಮಾಡಿದವನು ಇಡೀ ಮ್ಯೂನಿಕ್‌ನಲ್ಲಿ ನಾನೊಬ್ಬನೇ. ಇಂಥ ಪ್ರಸಂಗಗಳು ಬೇರೆಯವರ ಮನೆಗಳನ್ನೆಲ್ಲ ದಾಟಿಕೊಂಡು ನೇರ ನನ್ನ ಬಾಗಿಲಿಗೇ ಬರುತ್ತವೆ.

1. ಚಿಗಳಿ

ಮ್ಯೂನಿಕ್ ಮಗ್ಗುಲಿನ ಉಂಟರ್‌ಫ್ಯೋರಿಂಗ್‌ನ ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಮೆಕ್ಸಿಕೋದವನದು. ಒಂದು ದಿನ, "ನನ್ನ ಮಗಳು ದೊಡ್ಡವಳಾದಳು. ಹಾಲ್ ಹಿಡಿದಿದ್ದೇನೆ, ಮನೆಯವರೊಂದಿಗೆ ಬರಬೇಕು" ಅಂದ.

ಹೆಂಡತಿಗೆ ಹೇಳಿದೆ.

"ಅಯ್ಯ, ಇಂಥಾದ್ದನ್ನ ಆಫೀಸಿನ್ಯಾಗ ಹೇಳ್ಕೊಂಡು ಅಡ್ಡಾಡ್ತಾನೇನ್ರೀ?"

"ಹಾಲ್ ಬ್ಯಾರೆ ಹಿಡದಾನ."

"ಶಿವನ!" ಅಂದವಳೇ ಎಳ್ಳು ಹುರಿದು, ಬೆಲ್ಲ ಹಾಕಿ ಕುಟ್ಟಿ, ಉಂಡೆ ಕಟ್ಟಿದಳು. ಮೈನೆರೆದ ಹುಡುಗಿಗೆ ಚಿಗಳಿ ತಿನ್ನಿಸದೆ ಬಿಡುವುದುಂಟೇ?

ಮರುದಿನ ಡಬ್ಬಿ ಒಯ್ದು ಅವನ ಮೇಜಿನ ಮೇಲಿಟ್ಟೆ. ಅತ್ತ ಹೊರಟಿದ್ದ ನಮ್ಮ ಜರ್ಮನ್ ಬಾಸ್ ಒಂದು ಬಾಯಿಗೆ ಹಾಕಿಕೊಂಡ, ಇನ್ನೊಂದು ಜೇಬಿಗೆ ಹಾಕಿಕೊಂಡ. "ಇದು ಯಾವುದಕ್ಕೆ ಮಾಡುವುದು?" ಅಂದ. "ಶಕ್ತಿ ಬರುತ್ತೆ ಸಾರ್" ಅಂದೆ. ಬಡ್ತಿ ಕೊಡುವವನಿಗೆ ಅದಕ್ಕಿಂತ ಹೆಚ್ಚಿನ ಸತ್ಯ ಹೇಳಬಾರದು.

2. ಮಾವನ ಪಟ್ಟ

ಡಬ್ಬಿ ಖಾಲಿಯಾದ ಮೇಲೆ ತಿಳಿಯಿತು, ವಿಷಯ ನಾವಂದುಕೊಂಡದ್ದಲ್ಲ. ಹುಡುಗಿಗೆ ಹದಿನೈದು ತುಂಬುತ್ತದೆ, ಅಷ್ಟೇ. ಚರ್ಚಿನಲ್ಲಿ ಪ್ರಾರ್ಥನೆ, ಹಾಲ್‌ನಲ್ಲಿ ಊಟ. ಅಲ್ಲಿ ಅಪ್ಪ ಎಲ್ಲರೆದುರು ಮಂಡಿಯೂರಿ, ಮಗಳ ಸಾದಾ ಚಪ್ಪಲಿ ಬಿಚ್ಚಿ, ಹೈ ಹೀಲ್ಸ್ ತೊಡಿಸಬೇಕು. ಆಮೇಲೆ ಅಪ್ಪ-ಮಗಳ ವಾಲ್ಟ್ಸ್ ಕುಣಿತ. ಕೇಕು, ಕಿರೀಟ, ಹೀಲ್ಸ್ ಒಂದೊಂದನ್ನೂ ಹತ್ತಿರದವರೊಬ್ಬರು ಹೊತ್ತು ತರಬೇಕು; ಅಂಥವನಿಗೆ 'ಪದ್ರಿನೋ' ಎಂಬ ಬಿರುದು.

"ಹೀಲ್ಸ್ ತರಬೇಕಿದ್ದ ಅವಳ ಮಾವನಿಗೆ ಊರಿಂದ ಬರಲು ರಜೆ ಸಿಗಲಿಲ್ಲ" ಎಂದು ಅವನು ಸಪ್ಪಗಾದ. "ದಿನಾ ಅಳುತ್ತಾಳೆ."

"ನಾನಿಲ್ಲವೇನು?" ಎದೆ ತಟ್ಟಿಕೊಂಡೆ. "ಸೋದರಮಾವಂದಿರ ವಂಶ ನಮ್ಮದು!"

ಮನೆಯಲ್ಲಿ ಹೆಂಡತಿ ಮಾತ್ರ ನಕ್ಕಳು. "ಸೋದರಮಾವ ಅಂದ್ರ ಸೀರಿ ತರ್ತಾನ. ನೀವು ಕಾಲ್ಮರಿ ತರಾವ್ರೇನ್ರೀ?"

3. ಬಾಗಿಲ ಹೊರಗೆ

ಬಂಗಾರದ ಬಣ್ಣದ ಹೀಲ್ಸ್ ತಂದೆ. "ಚರ್ಮದ್ದು, ಹೊಸ್ತಲಾ ದಾಟಬಾರ್ದು" ಎಂದಳು ಹೆಂಡತಿ. ಬಾಗಿಲ ಹೊರಗೆ ಮೆಟ್ಟಿಲ ಬಳಿ ಇಟ್ಟೆ. ಸಮಾರಂಭದ ದಿನ ಭಾನುವಾರ ಬೆಳಿಗ್ಗೆ ನೋಡಿದರೆ ಮಾಯ!

ಕೆಳಮನೆಯ ಜರ್ಮನ್ ಅಜ್ಜಿಯನ್ನು ಕೇಳಿದೆ. ಮೆಟ್ಟಿಲ ಬಳಿ ಏನೂ ಇಡಬಾರದೆಂಬ ಹೌಸ್‌ಓರ್ಡ್ನುಂಗ್, ಅಂದರೆ ಕಟ್ಟಡದ ನಿಯಮ, ಆಕೆಗೆ ಬಾಯಿಪಾಠ.

"ಬೇಕಾದವರು ಒಯ್ಯಲಿ ಅಂತ ಬೀದಿಯ ಪೆಟ್ಟಿಗೆಯಲ್ಲಿ ಹಾಕಿದೆ. ಒಯ್ದರು. ಬೇಕಾದ ವಸ್ತುವನ್ನು ಯಾರಾದರೂ ಬಾಗಿಲ ಹೊರಗೆ ಇಡುತ್ತಾರೆಯೇ?"

ಭಾನುವಾರ ಇಲ್ಲಿ ಅಂಗಡಿಯೆಲ್ಲ ಬಂದ್, ಗುಂಡುಸೂಜಿಯೂ ಸಿಗುವುದಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಹೆಂಡತಿ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು, ಅಥಣಿಯಿಂದ ತಂದು ಇನ್ನೂ ಮೆಟ್ಟದ ಕೊಲ್ಹಾಪುರಿ ಚಪ್ಪಲಿ ತೆಗೆದಳು.

"ಚರ್ಮದ್ದು ಹೊಸ್ತಲಾ ದಾಟಬಾರ್ದು ಅಂದಿದ್ದಿ?"

"ಇವು ಚಪ್ಪಲಿ ಅಲ್ರೀ, ತವರಮನಿ ಉಡುಗೊರಿ."

4. ಕಿರ್ ಕಿರ್

ಹಾಲ್‌ನಲ್ಲಿ ನಾನು ಹೊತ್ತು ತಂದ ತಟ್ಟೆಯ ಮೇಲಿನ ಬಟ್ಟೆ ಸರಿಸಿದ ಅಪ್ಪ ಬಿಳಿಚಿಕೊಂಡ. "ಹೀಲ್ ಎಲ್ಲಿ?" ಎಂದು ಪಿಸುಗುಟ್ಟಿದ. ಹುಡುಗಿಯ ಕಣ್ಣು ತುಂಬಿತು. ನಾನು ಮೈಕ್ ಕಿತ್ತುಕೊಂಡೆ:

"ಹೀಲ್ಸ್ ಹುಡುಗಿಯನ್ನು ಎತ್ತರ ಮಾಡುತ್ತವೆ, ಅಷ್ಟೇ. ಇವು ಅವಳು ಬರುವುದನ್ನು ಊರಿಗೆಲ್ಲ ಸಾರುತ್ತವೆ. ನಮ್ಮ ಕಡೆ ರಾಜಕುಮಾರಿಯರಿಗೆ ಮಾತ್ರ!"

ಅಪ್ಪ ತೊಡಿಸಿದ. ಹುಡುಗಿ ಹೆಜ್ಜೆ ಇಟ್ಟಳು. ಕಿರ್! ಬೆಚ್ಚಿದಳು. ಇನ್ನೊಂದು ಹೆಜ್ಜೆ. ಕಿರ್! ವಾಲ್ಟ್ಸ್ ಶುರುವಾಯಿತು. ಕಿರ್, ಕಿರ ಕಿರ... ವಾದ್ಯದವರೇ ಅವಳ ತಾಳ ಹಿಡಿದು ಬಾರಿಸಿದರು. ಹುಡುಗಿ ನಕ್ಕಳು, ಅಪ್ಪ ಅತ್ತ, ನಾನು ಮೀಸೆ ತಿರುವಿದೆ.

ಅಷ್ಟರಲ್ಲಿ ಹೆಂಡತಿ ಆರತಿ ಹಿಡಿದು ನುಗ್ಗಿದಳು. "ಚಪ್ಪಲಿ ಬಿಟ್ಟು ನಿಂದ್ರವಾ!" ಎಂದು ಕನ್ನಡದಲ್ಲೇ ಸನ್ನೆ ಮಾಡಿದಳು. ಹುಡುಗಿ ಬಿಟ್ಟಳು. ಇದೂ ಶಾಸ್ತ್ರವಿರಬೇಕೆಂದು ಹಾಲ್ ತುಂಬ ಜನರೂ ಬಿಟ್ಟರು. ಮುಂದಾಳು ನಾನು, ಬಿಡದಿರಲಾದೀತೇ? ಊಟ ಮುಗಿಯುವಷ್ಟರಲ್ಲಿ ನನ್ನ ಬೂಟು ಯಾರದೋ ಕಾಲಲ್ಲಿ ಹೊರಟುಹೋಗಿತ್ತು. ಹೆಂಡತಿ ತನ್ನವನ್ನು ದೇವಸ್ಥಾನದ ರೂಢಿಯಂತೆ ಚೀಲದಲ್ಲಿ ಹಾಕಿಕೊಂಡಿದ್ದಳು.

ಹೀಗೆ ಚಪ್ಪಲಿಯ ಸೋದರಮಾವ ಬರಿಗಾಲಲ್ಲಿ ರೈಲು ಹತ್ತಿ ಮನೆಗೆ ಬಂದ. ಮೆಟ್ಟಿಲಲ್ಲಿ ಕೆಳಮನೆಯ ಅಜ್ಜಿ ಸಿಕ್ಕಳು. ನನ್ನ ಕಾಲು ನೋಡಿದಳು, ನಮ್ಮ ಬಾಗಿಲ ಹೊರಗಿನ ಖಾಲಿ ಜಾಗ ನೋಡಿದಳು, ಮೊದಲ ಸಲ ನನ್ನ ಕೈ ಕುಲುಕಿದಳು.

"ಅಂತೂ ನಿಯಮ ಅರ್ಥವಾಯಿತಲ್ಲ!"