ಬೀದಿಯ ಬಣ್ಣ ಹೀರಿದ ಕ್ಯಾಮೆರಾ

“ಅತ್ತಿಗೆ, ಕಣ್ಣು ಮಿಟುಕಿಸದೆ ನೋಡಿ! ಇಂಥದ್ದು ಪ್ರಪಂಚದಲ್ಲೇ ಮೊದಲು!” ಎಂದ ಗುರುಮಲ್ಲಪ್ಪ.

ಪುಟ್ಟತಾಯಮ್ಮ ನೋಡಿದರು. ಮೈದುನ ಅವರ ಅಂಗಡಿಯ ಕಟ್ಟೆಯ ಮೇಲೆ ತಂದಿಟ್ಟದ್ದು ಒಂದು ಹಳೇ ಮರದ ಕ್ಯಾಮೆರಾ. ಅದರ ಹೊಟ್ಟೆಯೊಳಗೆ ಮಿಕ್ಸಿಯ ಮೋಟರು, ನೆತ್ತಿಯ ಮೇಲೆ ಬಿಸಿಲು ಹಿಡಿಯಲು ಒಂದು ಇಡ್ಲಿ ತಟ್ಟೆ.

“ಆ ತಟ್ಟೆ ನಮ್ಮದಲ್ವಾ? ಹೋದ ವಾರ ಕೇಳಿದ್ರೆ ಬೆಕ್ಕು ಎತ್ಕೊಂಡು ಹೋಯ್ತು ಅಂದೆ!”

“ವಿಜ್ಞಾನಕ್ಕೆ ಬೇಕು ಅಂದಿದ್ರೆ ಕೊಡ್ತಿದ್ರಾ?”

ಪುಟ್ಟತಾಯಮ್ಮ ಯಾರನ್ನೂ ಸುಮ್ಮನೆ ನಂಬಿದವರಲ್ಲ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವರು, ದೇವಸ್ಥಾನದ ತೀರ್ಥವನ್ನೂ ಒಮ್ಮೆ ಮೂಸಿಯೇ ಕುಡಿಯುವರು. ಗುರುಮಲ್ಲಪ್ಪನ ಮೇಲೆ ಅನುಮಾನ ಪಡಲಂತೂ ಅವರಿಗೆ ಪೂರಾ ಹಕ್ಕಿತ್ತು. ಅವನ ದೋಸೆ ಮಗುಚುವ ಯಂತ್ರ ಮಗುಚಿದ ಮೊದಲ ದೋಸೆ ಇನ್ನೂ ಅಡುಗೆಮನೆಯ ಸೂರಿಗೇ ಅಂಟಿಕೊಂಡಿತ್ತು. ಅದೂ ಅಲ್ಲದೆ ಈಗ ಗೌರಿ ಹಬ್ಬಕ್ಕೆ ಎರಡೇ ದಿನ. ಮೈಸೂರಿನ ಬಳೆಗಾರರ ಬೀದಿಯಲ್ಲಿ ಪುಟ್ಟತಾಯಮ್ಮನವರದು ಅರಿಶಿನ, ಕುಂಕುಮ, ಬಳೆ, ಮೊರದ ಬಾಗಿನದ ಅಂಗಡಿ. ಈ ಎರಡು ದಿನ ವ್ಯಾಪಾರ ಆದರೆ ವರ್ಷವಿಡೀ ಸಂಸಾರ ನಡೆಯಿತು, ಇಲ್ಲವಾದರೆ ಇಲ್ಲ.

“ಛಾಯಾಗ್ರಾಹಕರ ಕೂಟದ ಸ್ಪರ್ಧೆ ಗೊತ್ತಲ್ಲ? ಕಪ್ಪುಬಿಳುಪಿನ ಬೀದಿ ಫೋಟೋ. ತೆಗೆದ ಮೇಲೆ ಒಂದು ಚುಕ್ಕೆನೂ ತಿದ್ದಬಾರದಂತೆ. ಮೂರು ವರ್ಷದಿಂದ ಆ ತೀರ್ಪುಗಾರ ಪದ್ಮನಾಭಯ್ಯ ನನ್ನ ಫೋಟೋನ ‘ಟಚಪ್ ಮಾಡಿದ್ದು’ ಅಂತ ಎತ್ತಿ ಬಿಸಾಕ್ತಾ ಇದ್ದಾನೆ!”

“ಮಾಡಿದ್ದೆ ತಾನೆ?”

“ಮಾಡಿದ್ದೆ. ಆ ಮಾತು ಬೇರೆ!”

ನಲವತ್ತು ವರ್ಷ ಅವನು ಅಣ್ಣನ ಸ್ಟುಡಿಯೋದಲ್ಲಿ ಕೂತು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ಮದುಮಗಳ ಮೊಡವೆ ಅಳಿಸಿದವನು, ಮದುಮಗನಿಗೆ ಮೀಸೆ ಬರೆದವನು. ತಿದ್ದದ ಫೋಟೋ ಅವನ ಪಾಲಿಗೆ ಒಗ್ಗರಣೆ ಹಾಕದ ಸಾರು.

“ಎಲ್ರೂ ಫೋಟೋ ತೆಗೆದು ಆಮೇಲೆ ಬಣ್ಣ ತೆಗೀತಾರೆ. ಅದು ಎಡಿಟಿಂಗು! ನಾನು ಫೋಟೋನ ಮುಟ್ಟೋದೇ ಇಲ್ಲ, ಅತ್ತಿಗೆ. ಬೀದಿನೇ ಎಡಿಟ್ ಮಾಡ್ಬಿಡ್ತೀನಿ!”

ಹಾಗೆಂದು ಅವನು ಕಟ್ಟೆಯ ಮೇಲೊಂದು ನಿಂಬೆಹಣ್ಣು ಇಟ್ಟು ಗುಂಡಿ ಒತ್ತಿದ. ಮೋಟರು ಗೊರ್ರೆಂದಿತು. ನಿಂಬೆಹಣ್ಣು ಬೂದು ಬಣ್ಣಕ್ಕೆ ತಿರುಗಿತು!

ಪುಟ್ಟತಾಯಮ್ಮ ಅದನ್ನು ಉಜ್ಜಿ ನೋಡಿದರು, ಕೊಯ್ದು ನೋಡಿದರು. ಒಳಗೂ ಬೂದು. ನಾಲಗೆಗೆ ಇಟ್ಟರು. ಹುಳಿ ಮಾತ್ರ ಇದ್ದಲ್ಲೇ ಇತ್ತು.

“ಇದರ ಬಣ್ಣ ಎಲ್ಲಿ ಹೋಯ್ತು?”

“ಪೆಟ್ಟಿಗೆಯೊಳಗಿದೆ. ಬೇಕಾದಾಗ ಬಿಟ್ಟರಾಯ್ತು!”

“ಬಿಟ್ಟು ನೋಡಿದ್ದೀಯಾ?”

“ಹಿಡಿಯೋದೇ ಕಷ್ಟ ಅತ್ತಿಗೆ, ಬಿಡೋದೇನು ಮಹಾ!”

ಈ ಮಾತು ಅವರಿಗೆ ಕಿಂಚಿತ್ತೂ ಸೇರಲಿಲ್ಲ. ಅಂಗಡಿಯ ಕಡೆ ಪೆಟ್ಟಿಗೆ ತಿರುಗಿಸಿದರೆ ಕೈ ಮುರಿಯುತ್ತೇನೆಂದು ಎಚ್ಚರಿಸಿ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಬಂದವರು ಜಯಶೀಲಮ್ಮ. ಹದಿನಾರು ಬಾಗಿನಕ್ಕಾಗುವಷ್ಟು ಕುಂಕುಮ ಬೇಕಿತ್ತು. ಪುಟ್ಟತಾಯಮ್ಮ ಡಬ್ಬದ ಮುಚ್ಚಳ ತೆಗೆದು ಕೈ ಹಾಕುತ್ತಿದ್ದಂತೆ ಎದುರು ಜಗಲಿಯಲ್ಲಿ ಏನೋ ಗೊರ್ರೆಂದಿತು.

“ಏನ್ರೀ ಇದು! ಕುಂಕುಮ ಕೇಳಿದ್ರೆ ವಿಭೂತಿ ಕೊಡ್ತೀರಲ್ಲ!” ಎಂದು ಜಯಶೀಲಮ್ಮ ಕಿರುಚಿದರು.

ಕುಂಕುಮ ಬೂದು. ಅರಿಶಿನವೂ ಬೂದು. ಮೂರು ಸಾಲು ಹಸಿರು ಗಾಜಿನ ಬಳೆ ಬೂದು. ಪಕ್ಕದ ಗಾಡಿಯ ಟೊಮೇಟೊ, ಆಚೆ ಮನೆಯ ಪಂಜರದ ಗಿಳಿ, ಎಲ್ಲವೂ ಬೂದು. ಮಲ್ಲಿಗೆ ಮಾರುವ ಮಾದಮ್ಮ ಒಬ್ಬಳೇ ಏನೂ ಆಗದವಳಂತೆ ಮಾಲೆ ಕಟ್ಟುತ್ತಿದ್ದಳು.

“ನಮ್ಮದರಲ್ಲಿ ಬೆರಕೆ ಇಲ್ಲ ಕಣ್ರೀ!” ಎಂದರು ಪುಟ್ಟತಾಯಮ್ಮ.

“ನಾನು ಬೆರಕೆ ಅಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!” ಎಂದು ಜಯಶೀಲಮ್ಮ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು.

ಎಲ್ಲರ ಮೇಲೂ ಅನುಮಾನ ಪಡುವ ಪುಟ್ಟತಾಯಮ್ಮನವರ ಮೇಲೇ ಅನುಮಾನ! ಅವರಿಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಕೋಪ ಬಂತು. ಎದುರು ಜಗಲಿಯ ಕಂಬದ ಹಿಂದೆ ಬಗ್ಗಿಕೊಂಡಿದ್ದ ಮೈದುನನ ಜುಬ್ಬಾ ಹಿಡಿದು ಎಳೆದರು.

“ಬೀದಿ ಅಂದ ಮೇಲೆ ಅಂಗಡಿ ಬೇಡ್ವಾ ಅತ್ತಿಗೆ? ಆ ನೆರಳು ನೋಡಿ, ಆ ಬೆಳಕು ನೋಡಿ! ಒಂದು ಗೆರೆ ತಿದ್ದಿಲ್ಲ!”

“ನನ್ನ ಕುಂಕುಮ ವಾಪಸ್ ಕೊಡೋ!”

“ಮಧ್ಯಾಹ್ನದವರೆಗೆ ತಾಳಿ. ತೀರ್ಪುಗಾರರು ನೋಡ್ಕೊಂಡು ಹೋಗ್ಲಿ!”

ಅವನು ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ, ಕೂಟಕ್ಕೆ ಫೋಟೋ ಕೊಟ್ಟು ಬಂದ ಎರಡೇ ಗಂಟೆಗೆ ಪದ್ಮನಾಭಯ್ಯನವರು ಸ್ಕೂಟರಿನಲ್ಲಿ ಬಂದಿಳಿದರು. ಬಿಳೀ ಅಂಗಿ, ಕರೀ ಮೀಸೆ, ಕೈಯಲ್ಲೊಂದು ಭೂತಗನ್ನಡಿ. ಫೋಟೋದಲ್ಲಿ ಹುಳುಕು ಸಿಗಲಿಲ್ಲವಂತೆ, ಅದಕ್ಕೇ ಅವರಿಗೆ ಅನುಮಾನ! ಬೂದು ಬೀದಿಯನ್ನು ಕಂಡವರೇ ಗೋಡೆಗೆ ಕರವಸ್ತ್ರ ಉಜ್ಜಿದರು. ಟೊಮೇಟೊ ಕಚ್ಚಿದರು. ಪಂಜರದೊಳಗೆ ಬೆರಳಿಟ್ಟು, ಗಿಳಿಯಿಂದ ಕಚ್ಚಿಸಿಕೊಂಡರು.

“ಬೀದಿಗೆಲ್ಲ ಬಣ್ಣ ಬಳಿದಿದ್ದೀರಿ!”

“ಬಳಿದಿಲ್ಲ ಸಾರ್, ತೆಗೆದಿದ್ದೀನಿ!”

“ಈ ಹೆಂಗಸಿನ ಕುಂಕುಮವೂ ಬೂದು. ಇವರೂ ಷಾಮೀಲು!”

“ಯಾರನ್ರೀ ಹೆಂಗಸು ಅಂತೀರಿ? ನೀವೇ ಅವನನ್ನ ಕುಣಿಸಿ ನನ್ನ ಅಂಗಡಿ ಹಾಳು ಮಾಡ್ಸಿದ್ದೀರಿ ಅಂತ ನನಗೆ ಅನುಮಾನ!” ಎಂದರು ಪುಟ್ಟತಾಯಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ನೆತ್ತಿಯಿಂದ ಅಂಗುಷ್ಠದವರೆಗೆ ಅಳೆದರು. ಕೊನೆಗೆ ಪದ್ಮನಾಭಯ್ಯನವರು, “ನನ್ನ ಕಣ್ಣೆದುರೇ ಇನ್ನೊಂದು ತೆಗೀರಿ!” ಎಂದು ಯಾರೂ ಮೋಸ ಮಾಡದ ಹಾಗೆ ತಾವೇ ಬೀದಿಯ ನಟ್ಟನಡುವೆ ಹೋಗಿ ನಿಂತರು.

ಗೊರ್ರ್! ಪದ್ಮನಾಭಯ್ಯನವರ ಮುಖ ಒಲೆಯ ಬೂದಿಯಂತಾಯಿತು. ಅಂಗಡಿಯ ಕನ್ನಡಿಯಲ್ಲಿ ತಮ್ಮನ್ನು ಕಂಡುಕೊಂಡವರು ಹೌಹಾರಿ, “ಬಿಡ್ರೀ! ಬಣ್ಣ ಬಿಡ್ರೀ!” ಎಂದು ಕೂಗಿದರು.

ಗುರುಮಲ್ಲಪ್ಪ ಪೆಟ್ಟಿಗೆಯ ಪಕ್ಕದ ಸನ್ನೆಕೋಲನ್ನು ಹಿಂದಕ್ಕೆ ಎಳೆದ. ಮೋಟರು ಉಲ್ಟಾ ತಿರುಗಿತು. ಬಣ್ಣವೇನೋ ಬಂತು! ಕುಂಕುಮ ಪಾಚಿಯ ಹಸಿರಾಯಿತು. ಅರಿಶಿನ ನೀಲಿ. ಹಸಿರು ಬಳೆ ಗುಲಾಬಿ. ಗಿಳಿ ಗುಲಾಬಿಯಾಗಿ, ತನ್ನ ರೆಕ್ಕೆಯನ್ನೇ ಕುಕ್ಕತೊಡಗಿತು. ಮಾದಮ್ಮನ ಮಲ್ಲಿಗೆಯಂತೂ ಇದ್ದಿಲಿನ ಹಾಗೆ ಕಪ್ಪಾಯಿತು. ಪದ್ಮನಾಭಯ್ಯನವರ ಮುಖ ನೀಲಿ, ಮೀಸೆ ಬಿಳಿ, ಅಂಗಿ ಕಪ್ಪು. ಗಾಬರಿಯಿಂದ ಬಾಯಿ ತೆರೆದರು. ಹಲ್ಲೂ ಕಪ್ಪು!

“ಅಯ್ಯಯ್ಯೋ!” ಎಂದವರೇ ಸ್ಕೂಟರ್ ಹತ್ತಿ ಪರಾರಿಯಾದರು.

“ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ಯಲ್ಲೋ!” ಎಂದು ಪುಟ್ಟತಾಯಮ್ಮ ತಲೆ ಚಚ್ಚಿಕೊಂಡರು. ಹಸಿರು ಕುಂಕುಮವನ್ನು ಯಾವ ಮುತ್ತೈದೆ ಹಣೆಗಿಟ್ಟಾಳು? ವರ್ಷದ ಅನ್ನಕ್ಕೇ ಕಲ್ಲು ಬಿತ್ತಲ್ಲ! ಕಣ್ಣೊರೆಸಿಕೊಂಡು ಮತ್ತೆ ಬೀದಿಯನ್ನು ದಿಟ್ಟಿಸಿದರು. ಕರಿಯದ್ದು ಬಿಳಿಯಾಗಿ, ಬಿಳಿಯದ್ದು ಕರಿಯಾಗಿ ನಿಂತ ಈ ಬೀದಿಯನ್ನು ಎಲ್ಲೋ ನೋಡಿದ ಹಾಗಿತ್ತು.

“ಲೋ, ಇದು ನೆಗೆಟಿವ್ ಕಣೋ!”

“ಹೌದು, ಮತ್ತೆ? ಫೋಟೋ ಅಂದ್ರೆ ನೆಗೆಟಿವ್ ತಾನೆ?”

ಆಗ ಗೊತ್ತಾಯಿತು ಅವರಿಗೆ. ಇವನು ನಲವತ್ತು ವರ್ಷ ನೆಗೆಟಿವ್ ತಿದ್ದಿದವನೇ ಹೊರತು ಒಂದು ದಿನವೂ ಕತ್ತಲೆಕೋಣೆಗೆ ಹೋಗಿ ಪ್ರಿಂಟ್ ಹಾಕಿದವನಲ್ಲ. ಆ ಕೆಲಸ ಪುಟ್ಟತಾಯಮ್ಮನವರ ಗಂಡನದು, ಪ್ರಿಂಟ್ ತೊಳೆದು ಒಣಹಾಕುವ ಕೆಲಸ ಇವರದು.

“ನೆಗೆಟಿವನ್ನ ಇನ್ನೊಂದು ಸಲ ಉಲ್ಟಾ ಮಾಡಿದ್ರೇನೆ ಪ್ರಿಂಟು, ಪೆದ್ದ! ಕೊಡಿಲ್ಲಿ ಪೆಟ್ಟಿಗೆ!”

ಅಷ್ಟರಲ್ಲಿ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಬರುತ್ತಿತ್ತು. ಬಿಸಿಲಿಲ್ಲದೆ ಈ ಪೆಟ್ಟಿಗೆ ಅಲ್ಲಾಡುವುದೂ ಇಲ್ಲ. ಇವತ್ತು ಬಿಟ್ಟರೆ ನಾಳೆಯೇ ಗೌರಿ.

“ತಾಳಿ ಅತ್ತಿಗೆ! ಪದ್ಮನಾಭಯ್ಯನವರು ಚೌಕ ದಾಟಿರಲ್ಲ, ಕರ್ಕೊಂಡು ಬರ್ತೀನಿ!”

ಪುಟ್ಟತಾಯಮ್ಮ ಮೋಡ ನೋಡಿದರು, ಹಸಿರು ಕುಂಕುಮ ನೋಡಿದರು, ಖಾಲಿ ಚೌಕ ನೋಡಿದರು. “ಅವರಿಗೇನು, ಬಾಗಿನ ಕೊಡೋದಿದೆಯಾ?” ಎಂದು ಗುಂಡಿ ಒತ್ತಿಯೇಬಿಟ್ಟರು. ಬೀದಿ ಬೂದಾಯಿತು. ಸನ್ನೆಕೋಲು ಎಳೆದರು. ಕುಂಕುಮ ಕೆಂಪಾಯಿತು, ಬಳೆ ಹಸಿರಾಯಿತು, ಗಿಳಿ ಸಮಾಧಾನವಾಗಿ ಮೆಣಸಿನಕಾಯಿಗೆ ಬಾಯಿ ಹಾಕಿತು. ಅದರ ಹಿಂದೆಯೇ ಬಿಸಿಲು ಹೋಗಿ ಹನಿ ಬಿತ್ತು.

ತಮ್ಮ ಕಣ್ಣನ್ನೂ ನಂಬದೆ ಅವರು ಜಯಶೀಲಮ್ಮನವರನ್ನು ಮನೆಯಿಂದ ಕರೆತಂದು ತೋರಿಸಿದರು. ಜಯಶೀಲಮ್ಮ ಕುಂಕುಮವನ್ನು ಅಂಗೈಗೆ ತಿಕ್ಕಿ, ಮೂಸಿ, ನೆರೆಮನೆಯವರಿಗೂ ಮೂಸಿಸಿ, ಹದಿನಾರರ ಬದಲು ಇಪ್ಪತ್ತನಾಲ್ಕು ಬಾಗಿನಕ್ಕೆ ಹೇಳಿದರು. ಪುಟ್ಟತಾಯಮ್ಮ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಗೌರಿ ಹಬ್ಬದ ಬೆಳಿಗ್ಗೆ ಅಂಗಡಿಯ ಮುಂದೆ ಹೆಂಗಸರ ಜಾತ್ರೆ. ಬಾಗಿನ ಕಟ್ಟಿ ಕಟ್ಟಿ ಗುರುಮಲ್ಲಪ್ಪನ ಬೆರಳಿಗೆ ಬೊಬ್ಬೆ ಬಂದಿತ್ತು. ಹೆಂಗಸರ ನಡುವೆ ನುಸುಳಿ ಬಂದ ಒಬ್ಬ ಗಂಡಸು ಹೆಲ್ಮೆಟ್ಟಿನ ಗಾಜನ್ನು ಒಂದಿಂಚು ಎತ್ತಿದ. ಒಳಗೆ ನೀಲಿ ಮುಖ, ಬಿಳಿ ಮೀಸೆ.

“ಅಮ್ಮಾ, ಸ್ವಲ್ಪ ಟಚಪ್ ಮಾಡ್ಬೇಕಿತ್ತು,” ಎಂದರು ಪದ್ಮನಾಭಯ್ಯನವರು ಪಿಸುದನಿಯಲ್ಲಿ. “ಬೇಕಾದ್ರೆ ಮೊದಲನೇ ಬಹುಮಾನ ಕೊಡಿಸ್ತೀನಿ.”

ಗುರುಮಲ್ಲಪ್ಪ ಎದ್ದು ನಿಂತ. ಅತ್ತಿಗೆಯ ಕಣ್ಣು ಕಂಡು ಕೂತ.

“ಇವತ್ತು ಗೌರಿ, ನಾಳೆ ಗಣಪತಿ,” ಎಂದರು ಪುಟ್ಟತಾಯಮ್ಮ. “ನನ್ನ ಡಬ್ಬದಲ್ಲಿ ಒಂದು ಚಿಟಿಕೆ ಕುಂಕುಮ ಇರೋವರೆಗೂ ಆ ಪೆಟ್ಟಿಗೆ ಈಚೆ ಬರಲ್ಲ. ಮುಂದಿನ ಸೋಮವಾರ ಬನ್ನಿ.”

“ಅಷ್ಟು ದಿನ ನೆಂಟರಿಷ್ಟರಿಗೆ ಏನಂತ ಹೇಳಲಿ?”

ಪುಟ್ಟತಾಯಮ್ಮ ಬಳೆ ಎಣಿಸುತ್ತಲೇ ಅಂದರು: “ಬೆಳಕು ಸರಿ ಇರ್ಲಿಲ್ಲ ಅಂತ ಹೇಳಿ.”