ಕದ್ದ ಗುಂಡಿನ ಬೆನ್ನು ಹತ್ತಿ

ಊರು ಸುತ್ತುವವರ ಸಾಮಾನು ಅವರಿಗಿಂತ ಹೆಚ್ಚು ಊರು ಸುತ್ತುತ್ತದೆ. ಹಿರಿಯರ ಕ್ರೀಡಾಕೂಟದ ಚಟಕ್ಕೆ ಬಿದ್ದ ಮೇಲೆ ನಾನು ಕೊಲಂಬೋದಲ್ಲಿ ಬೂಟು ಕಳೆದುಕೊಂಡೆ, ನಾಗಪುರದಲ್ಲಿ ಟ್ರ್ಯಾಕ್ ಸೂಟು, ಕೌಲಾಲಂಪುರದಲ್ಲಿ ಎರಡು ಸೀರೆ ಮತ್ತು ಒಂದು ಡಬ್ಬಿ ಚಟ್ನಿಪುಡಿ. ಒಂದೂ ವಾಪಸ್ ಬರಲಿಲ್ಲ. ಕಳೆದದ್ದು ಸಿಗುವುದೇನಾದರೂ ಇದ್ದರೆ ಅದು ನಮ್ಮ ಕೋಲಾರ ಜಿಲ್ಲೆಯಲ್ಲಿ ಮಾತ್ರ. ಆದರೆ ಹೋದ ರೂಪದಲ್ಲೇ ಸಿಗುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ.

೧. ಹೆಂಗಸರ ಈಟಿ

ಮುಳಬಾಗಿಲಿನಲ್ಲಿ ಕೂಟ. ಮಾಲೂರಿನಿಂದ ಹೊರಟವರು ಇಬ್ಬರೇ: ನಾನು ಮತ್ತು ನಮ್ಮ ಅಂಗನವಾಡಿ ಟೀಚರಮ್ಮ. ನನಗೆ ಈಟಿ, ಚಕ್ರ. ಅವರಿಗೆ ಗುಂಡು ಎಸೆತ, ಅದೂ ಜೀವನದಲ್ಲಿ ಮೊದಲ ಸಲ. ಒಂದು ವರ್ಷ ನನ್ನ ಕಬ್ಬಿಣದ ಗುಂಡನ್ನೇ ಹಿಡಿದು ಅಂಗನವಾಡಿಯ ಹಿಂದಿನ ಬಯಲಿನಲ್ಲಿ ಗುಳಿ ತೋಡಿದ್ದರು.

ಅವರ ಯಜಮಾನರು ಶಿವಾರಪಟ್ಟಣದ ಶಿಲ್ಪಿ. ದಿನವಿಡೀ ಕಲ್ಲಿನಲ್ಲಿ ದೇವರನ್ನು ಕೆತ್ತುವವರು, ಮಾತು ಕಡಿಮೆ. ಹೊರಡುವಾಗ ಒಂದೇ ಮಾತು ಹೇಳಿದ್ದರಂತೆ: "ಪದಕ ತಂದ್ರೆ ಮುಂದಕ್ಕೂ ಹೋಗು. ಬರಿಗೈಲಿ ಬಂದ್ರೆ ಇದೇ ಕೊನೆ." ಟೀಚರಮ್ಮ ಅದನ್ನು ದಾರಿಯುದ್ದಕ್ಕೂ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು.

ಕೋಲಾರದ ಬಸ್ಸು ಹತ್ತಿದೆವು. ಆಧಾರ್ ತೋರಿಸಿ ನಮ್ಮಿಬ್ಬರಿಗೂ ಫ್ರೀ ಟಿಕೆಟ್ ಆಯಿತು. ಕಂಡಕ್ಟರ್ ಈಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದಕ್ಕೆ ಲಗೇಜು ಕೊಡ್ಬೇಕು" ಅಂದ.

ಸುಮ್ಮನೆ ಕೊಡುವ ಜಾತಿಯವಳಲ್ಲ ನಾನು. "ಇದು ಹೆಂಗಸರ ಈಟಿ ಕಣಪ್ಪ. ಗಂಡಸರದ್ದಾದ್ರೆ ಇನ್ನೂ ಉದ್ದ, ಇನ್ನೂ ತೂಕ. ಹೆಂಗಸರಿಗೆ ಫ್ರೀ ಅಂದ್ಮೇಲೆ ಇದಕ್ಕೂ ಫ್ರೀನೇ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ನಗಲಿಲ್ಲ. ಕೈ ಚಾಚಿ ಹೇಳಿದ:

"ಸರಿಯಮ್ಮ. ಅದರ ಆಧಾರ್ ತೋರ್ಸಿ."

೨. ಬಿಚ್ಚದ ಗಂಟು

ಯಾವ ಸಾಮಾನೂ ಕಳೆಯಬಾರದು ಅಂತ ಟೀಚರಮ್ಮ ಒಂದು ಉಪಾಯ ಮಾಡಿದ್ದರು. ಗುಂಡು, ಚಕ್ರ ಇದ್ದ ಬ್ಯಾಗನ್ನೂ ಈಟಿಯನ್ನೂ ಹಳೇ ಸೀರೆಯ ಅಂಚಿನಿಂದ ಸೇರಿಸಿ ಕಟ್ಟಿದ್ದರು. ಅಂಗನವಾಡಿ ಮಕ್ಕಳ ಚಡ್ಡಿ ಜಾರದಂತೆ ಕಟ್ಟಿ ಪಳಗಿದ ಕೈ. ಆ ಗಂಟನ್ನು ದೇವರು ಬಂದರೂ ಬಿಚ್ಚಲಾರ.

ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ತಿರುಗಿದರೆ ಗಂಟಿನ ಸಮೇತ ಎಲ್ಲವೂ ಮಾಯ. ಒಂದೂ ಕಳೆಯಬಾರದು ಅಂತ ಕಟ್ಟಿದ್ದಕ್ಕೆ ಒಂದೂ ಉಳಿದಿರಲಿಲ್ಲ.

ಅಲ್ಲೇ ಇದ್ದ ಪೊಲೀಸಪ್ಪನ ಹತ್ತಿರ ಓಡಿದೆವು. "ಏನೇನು ಹೋಯ್ತು?" ಅಂದರು.

"ಈಟಿ" ಅಂದೆ. ತಲೆಯಾಡಿಸಿದರು. "ಚಕ್ರ" ಅಂದೆ. ತಲೆ ಎತ್ತಿದರು. "ಒಂದು ಕಬ್ಬಿಣದ ಗುಂಡು" ಅಂದರು ಟೀಚರಮ್ಮ.

ಅವರು ನಮ್ಮಿಬ್ಬರನ್ನೂ ಚೆನ್ನಾಗಿ ನೋಡಿ, "ಅಮ್ಮಾ, ಈ ವಯಸ್ಸಲ್ಲಿ ಯಾರ ಮೇಲೆ ಯುದ್ಧಕ್ಕೆ ಹೊರಟಿದ್ರಿ?" ಅಂದರು.

ಆದರೂ ಒಳ್ಳೆಯವರು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಕರೆದುಕೊಂಡು ಹೋಗಿ ವಿಚಾರಿಸಿದರು. ಉದ್ದನೆಯ ಬಾಲದ ಬ್ಯಾಗು ಹೊತ್ತವನೊಬ್ಬ ಶ್ರೀನಿವಾಸಪುರದ ಬಸ್ಸು ಹತ್ತಿದ್ದನ್ನು ಕಂಡವರಿದ್ದರು. ಬಾಲ ಬಾಗಿಲಿಗೆ ಸಿಕ್ಕಿಕೊಂಡು ಜನರೇ ತಳ್ಳಿ ಹತ್ತಿಸಿದ್ದರಂತೆ. ಆ ಬಸ್ಸಿನ ಕಂಡಕ್ಟರಿಗೆ ಫೋನು ಹೋಯಿತು.

"ಅವನಾ? ಲಗೇಜು ಟಿಕೆಟ್ ತಗೊಳ್ಳಲ್ಲ ಅಂತ ಜಗಳ ತೆಗೆದ. ಶ್ರೀನಿವಾಸಪುರ ಇನ್ನೂ ಮುಂದಿತ್ತು. ಮಾವಿನ ತೋಪಿನ ಹತ್ರ ಇಳಿಸ್ಬಿಟ್ಟೆ."

"ಕಳ್ಳ ಅಂತ ಗೊತ್ತಾಗಿ ಇಳಿಸಿದ್ರಾ?" ಅಂದೆ.

"ಕಳ್ಳನೋ ಸಾಧುವೋ ನಂಗೇನ್ ಗೊತ್ತಮ್ಮಾ? ಲಗೇಜು ಕೊಟ್ಟಿದ್ರೆ ಮರ್ಯಾದೆಯಾಗಿ ಊರು ಮುಟ್ಟಿಸ್ತಿದ್ದೆ."

೩. ಮನೇಲಿ ಕೆಲಸ ಇಲ್ವಾ?

ಮಾವಿನ ಕಾಲ. ತೋಪಿನ ತುಂಬ ಕೊಯ್ಲು ನಡೆದಿತ್ತು. ಒಂದು ಮರದ ಕೆಳಗೆ ತೋಪಿನ ಕಾವಲಿನವಳು ನಿಂತು ಉದ್ದ ಕೋಲಿನಿಂದ ಕಾಯಿ ಕೀಳುತ್ತಿದ್ದಳು. ಕೋಲು ನನ್ನ ಈಟಿ. ಅದರ ತುದಿಗೆ ತಂತಿಯ ಕೊಕ್ಕೆ, ಕೊಕ್ಕೆಗೆ ಬಲೆಯ ಚೀಲ. ನಾನು ಹತ್ತು ವರ್ಷ ಎಸೆದ ಈಟಿ ಅಷ್ಟು ಕೆಲಸಕ್ಕೆ ಬಂದದ್ದನ್ನು ಅವತ್ತೇ ನೋಡಿದ್ದು.

"ಅದು ನಮ್ಮದಮ್ಮಾ" ಅಂದೆ.

"ನಿಮ್ಮದೆಂಗಾಗ್ತದೆ? ಒಬ್ಬ ಬಂದ, ಗಂಟು ಬಿಚ್ಚಕ್ಕಾಗ್ದೆ ಹಲ್ಲಲ್ಲಿ ಕಚ್ತಿದ್ದ. ಕುಡುಗೋಲಲ್ಲಿ ಕೊಯ್ದು ಕೊಟ್ಟೆ. ಅದಕ್ಕೆ ಈ ಕೋಲು ಕೊಟ್ಟು ನಾಕು ಕಾಯಿ ತಗೊಂಡು ಮುಳಬಾಗಿಲ ಕಡೆ ಹೋದ. ಏನು ಹಗುರ ಅಂತೀಯಾ! ಎಲ್ಲಿ ಸಿಗ್ತದೆ ಇದು?"

ಕದ್ದ ಮಾಲು ಅಂತ ತಿಳಿಸಿ ಹೇಳಿದೆ. ಅವಳಿಗೆ ಬೇಜಾರಾಯಿತು, ಕೊಕ್ಕೆ ಬಿಚ್ಚತೊಡಗಿದಳು. ಬಿಚ್ಚುತ್ತ ಕೇಳಿದಳು, "ಇದರಲ್ಲಿ ನೀವೇನು ಕೀಳ್ತೀರಾ?"

"ಏನೂ ಕೀಳಲ್ಲ. ದೂರಕ್ಕೆ ಎಸೀತೀವಿ."

"ಎಸೆದು?"

"ಹೋಗಿ ತರ್ತೀವಿ."

"ತಂದು?"

"ಮತ್ತೆ ಎಸೀತೀವಿ."

ಅವಳು ಈಟಿಯನ್ನು ನನ್ನ ಕೈಗಿತ್ತು, ಟೀಚರಮ್ಮನ ಕಡೆ ತಿರುಗಿ ಕನಿಕರದಿಂದ ಕೇಳಿದಳು: "ಯಾಕಮ್ಮಾ, ಮನೇಲಿ ಕೆಲಸ ಇಲ್ವಾ?"

೪. ಚಟ್ನಿ ಮುಚ್ಚಳ

ಮುಳಬಾಗಿಲಿನ ಬಸ್ಸಿನಲ್ಲಿ ನಾನೇ ಮುಂದಾಗಿ ಈಟಿಗೆ ಲಗೇಜು ತೆಗೆಸಿದೆ. ಬುದ್ಧಿ ಬಂದಿತ್ತು. ಊರು ಇನ್ನೇನು ಬಂತು ಅನ್ನುವಲ್ಲಿ ಟೀಚರಮ್ಮ ಕಿಟಕಿಯಿಂದ ಒಂದು ದೋಸೆ ಹೋಟೆಲು ತೋರಿಸಿ, "ಅಕ್ಕಾ, ಅವನೂ ಊಟದ ಹೊತ್ತಿಗೆ ಇಲ್ಲೇ ಬಂದಿರ್ಬೇಕು. ಕಾಯಿ ತಿಂದು ಎಷ್ಟು ಹೊತ್ತು ಇರ್ತಾನೆ?" ಅಂದರು. ಹಸಿದ ಮಕ್ಕಳನ್ನು ದಿನಾ ನೋಡುವವರ ಲೆಕ್ಕಾಚಾರ. ಇಳಿದೆವು.

ಕಳ್ಳ ಇರಲಿಲ್ಲ. ಆದರೆ ದೋಸೆ ಕಾವಲಿಯ ಪಕ್ಕ ಚಟ್ನಿ ಪಾತ್ರೆಯ ಮೇಲೆ ನನ್ನ ಚಕ್ರ ಹೇಳಿ ಮಾಡಿಸಿದಂತೆ ಕೂತಿತ್ತು.

"ಮಧ್ಯಾಹ್ನ ತಾನೇ ಬಂದ ಹೊಸ ಮುಚ್ಚಳ" ಅಂದರು ಹೋಟೆಲಿನವರು. "ಗಾಳಿಗೆ ಹಾರಲ್ಲ, ನೊಣ ನುಗ್ಗಲ್ಲ. ನಮ್ಮಲ್ಲೇ ಮೊದಲು ತಟ್ಟೆ ತೊಳೀತಿದ್ದೋನು ಕೊಟ್ಟ. ಎರಡು ಮಸಾಲೆ ತಿಂದ."

ವಿಷಯ ತಿಳಿದು ಹಣೆ ಚಚ್ಚಿಕೊಂಡರು. "ಅವನು ತಾಯಲೂರು ಕಡೆಯೋನು. ಕೆರೆ ಏರಿ ಪಕ್ಕದ ಊರು. ಬ್ಯಾಗಲ್ಲಿ ಇನ್ನೇನೋ ಭಾರ ಇತ್ತು, ಹೊತ್ತು ಹೊತ್ತು ಹೆಗಲು ಬಿದ್ದೋಯ್ತು ಅಂತಿದ್ದ. ಪಾಪ."

ಆ 'ಪಾಪ' ನಮಗಲ್ಲ, ಅವನಿಗೆ.

ಚಕ್ರ ತೊಳೆಸಿ ಒರೆಸಿ ಕೊಟ್ಟರು. ಕಡಲೆ ಚಟ್ನಿಯ ವಾಸನೆ ಇವತ್ತಿಗೂ ಹೋಗಿಲ್ಲ. ಹೊರಡುವಾಗ ಮೆಲ್ಲಗೆ ಕೇಳಿದರು, "ಅಮ್ಮಾ, ಇದರಲ್ಲಿ ಇನ್ನೂ ದೊಡ್ಡದು ಬರುತ್ತಾ?"

"ಬರುತ್ತೆ. ಗಂಡಸರು ಎಸೆಯೋದು ದೊಡ್ಡದು."

"ಹಂಗಾದ್ರೆ ಅದು ಕಳುವಾದಾಗ ಹೇಳಿ. ಸಾಂಬಾರಿಗೆ ಬೇಕು."

೫. ಹೊಸ ದೇವರು

ಆ ದಿನ ಮುಳಬಾಗಿಲಿನಲ್ಲಿ ಉಳಿದು, ಬೆಳಕು ಹರಿಯುತ್ತಲೇ ಆಟೋ ಹಿಡಿದು ತಾಯಲೂರು ದಾಟಿದೆವು. ಟೀಚರಮ್ಮನ ಗುಂಡು ಎಸೆತ ಮಧ್ಯಾಹ್ನಕ್ಕಿತ್ತು. ಸ್ಪರ್ಧೆಯವರ ಹತ್ತಿರ ಇದ್ದದ್ದು ಗಂಡಸರ ಗುಂಡು ಮಾತ್ರ. ಹೆಂಗಸರು ತಮ್ಮದು ತರಬೇಕಿತ್ತು. ದಾರಿಯಲ್ಲಿ ಟೀಚರಮ್ಮನ ಮಗ್ಗಿ ನಿಂತಿತ್ತು.

ಕೆರೆ ಏರಿ ಪಕ್ಕದ ಆ ಊರಿನ ಕೊನೆ ಮನೆಯ ಮುಂದೆ, ಹೊಂಗೆ ಮರದ ಕೆಳಗೆ, ಹೆಂಗಸರು ಗುಂಪುಗೂಡಿದ್ದರು. ಇಟ್ಟಿಗೆ ಕಟ್ಟೆ. ಕಟ್ಟೆಯ ಮೇಲೆ ನಮ್ಮ ಗುಂಡು, ಎಣ್ಣೆ, ಅರಿಶಿನ, ಕುಂಕುಮ ಬಳಿದುಕೊಂಡು, ಕನಕಾಂಬರ ಮುಡಿದುಕೊಂಡು ಕೂತಿತ್ತು. ಪಕ್ಕದಲ್ಲಿ ಒದ್ದೆ ಪಂಚೆ ಉಟ್ಟು ಗಡಗಡ ನಡುಗುತ್ತ ಗಂಟೆ ಅಲ್ಲಾಡಿಸುತ್ತಿದ್ದವನೇ ಕಳ್ಳ. ನಮ್ಮ ಬ್ಯಾಗು ಅವನ ಕಾಲ ಬಳಿಯೇ ಇತ್ತು, ಅದರಲ್ಲಿ ತೆಂಗಿನಕಾಯಿ.

ಅವನ ಮುದಿ ತಾಯಿ ಕಣ್ಣೊರೆಸಿಕೊಳ್ಳುತ್ತ ನಮಗೆ ಹೇಳಿದಳು: "ನಿನ್ನೆ ಸಂಜೆ ತಂದನಮ್ಮಾ. ಎಲ್ಲಿ ಸಿಕ್ತೋ ಅಂದ್ರೆ ಕೆರೆಯಾಗೆ ಅಂದ. ಕೆರೆಯಾಗೆ ಇಷ್ಟು ದುಂಡಗೆ ಸಿಗೋದು ದೇವ್ರಲ್ದೆ ಇನ್ನೇನು? ಬೀದಿಬೀದಿ ಅಲೀತಿದ್ದ ನನ್ನ ಮಗನ್ನೇ ಹುಡುಕ್ಕೊಂಡು ಬಂದೈತೆ. ಇವತ್ತಿಂದ ಅವನೇ ಪೂಜಾರಿ. ಮೂರು ಹೊತ್ತು ತಣ್ಣೀರು ಸ್ನಾನ, ಒಂದು ಹೊತ್ತು ಊಟ."

ಕಳ್ಳ ಅಮ್ಮನ ಬೆನ್ನ ಹಿಂದಿನಿಂದ ನಮಗೆ ಕೈ ಮುಗಿದ. ತಗೊಂಡು ಹೋಗಿ ಅಂತಲೋ, ಹೇಳಬೇಡಿ ಅಂತಲೋ, ಎರಡೂ ಇತ್ತು ಅದರಲ್ಲಿ.

ನಾನು ಬಾಯಿ ತೆರೆದೆ. ಟೀಚರಮ್ಮ ನನ್ನ ಕೈ ಅದುಮಿದರು. ಮಗನ ಬಗ್ಗೆ ಬಹುಶಃ ಮೊದಲ ಸಲ ಹೆಮ್ಮೆಪಡುತ್ತಿರುವ ತಾಯಿಯ ಮುಂದೆ ಅವರಿಗೆ ಆ ಮಾತು ಆಗಲಿಲ್ಲ. "ಅವ್ವಾ, ನಾವು ಮಾಲೂರಿನವರು, ಈ ದೇವ್ರು ನಮಗೆ ಇವತ್ತೊಂದು ದಿನ ಬೇಕಿತ್ತು" ಅಂದರು.

"ಯಾತಕ್ಕಮ್ಮಾ?"

ಸುಳ್ಳು ಹೇಳಲು ಬಾರದ ಹೆಂಗಸು. "ಎಸೆಯೋಕೆ" ಅಂದುಬಿಟ್ಟರು.

ಮುದುಕಿ ಯೋಚಿಸಿದಳು. "ಗಣಪತೀನ ನೀರಿಗೆ ಹಾಕ್ತಾರೆ. ಕರಗಾನ ತಲೆ ಮೇಲೆ ಇಟ್ಟು ಕುಣೀತಾರೆ. ಎಸೆಯೋ ಪದ್ಧತಿ ನಿಮ್ಮ ಮಾಲೂರು ಸೀಮೆಯಾಗೆ ಇರ್ಬೇಕು. ನಾನ್ಯಾರು ಬ್ಯಾಡ ಅನ್ನಾಕೆ? ಹೂವು ಕೇಳಾನ. ಬಲಕ್ಕೆ ಬಿದ್ರೆ ತಗೊಂಡು ಹೋಗಿ, ಎಡಕ್ಕೆ ಬಿದ್ರೆ ಕೇಳಬ್ಯಾಡಿ. ಒರೇಯ್, ಹೂವು ಇಡ್ರಾ!"

ಮಗ ಗುಂಡಿನ ನೆತ್ತಿಯ ಮೇಲೆ ಒಂದು ಕನಕಾಂಬರ ಇಟ್ಟ. ಹೂವು ಎಡಕ್ಕೆ ವಾಲಿತು. ಟೀಚರಮ್ಮ ಕಣ್ಣು ಮುಚ್ಚಿದರು. ಎಲ್ಲರೂ ಕಣ್ಣು ಮುಚ್ಚಿದರು. ಪೂಜೆ ಬಾರದ ನಾನು ಮಾತ್ರ ಬಿಟ್ಟುಕೊಂಡಿದ್ದೆ.

ಹೂವು ಬಲಕ್ಕೆ ಬಿತ್ತು. ಕಳ್ಳನ ಕೆನ್ನೆ ಇನ್ನೂ ಉಬ್ಬಿತ್ತು.

೬. ಮೆರವಣಿಗೆ

"ದೇವ್ರನ್ನ ಒಂಟಿಯಾಗಿ ಕಳ್ಸಲ್ಲ" ಅಂದಳು ಮುದುಕಿ. ಹಾಗಾಗಿ ಆಟೋದಲ್ಲಿ ನಾವಿಬ್ಬರು, ತಾಯಿ, ತಾಯಿಯ ತೊಡೆಯ ಮೇಲೆ ತಟ್ಟೆಯಲ್ಲಿ ದೇವರು, ಡ್ರೈವರ್ ಪಕ್ಕ ಕಳ್ಳ. ಮೈದಾನದೊಳಗೆ ಅವನು ದೇವರಿಗೆ ಕೊಡೆ ಹಿಡಿದು ನಡೆದ.

ತೀರ್ಪುಗಾರರು ಗುಂಡನ್ನು ತೂಕಕ್ಕೆ ಕೇಳಿದರು. "ಇದೇನ್ರಿ ಇದು, ಕುಂಕುಮ ಎಲ್ಲ? ಒರೆಸಿ."

"ಒರೆಸ್ತೀಯಾ? ಒರೆಸಪ್ಪ" ಅಂದಳು ಮುದುಕಿ ಶಾಂತವಾಗಿ. "ನಿಂಗೆ ಮಕ್ಕಳೆಷ್ಟು?"

ಅವರು ಒರೆಸಲಿಲ್ಲ. ಇಡಬೇಕಾದಲ್ಲಿ ಇಟ್ಟು, ತೂಕ ಸರಿಯಾಗಿದೆ ಅಂದು, ಯಾರೂ ನೋಡುತ್ತಿಲ್ಲ ಅಂದುಕೊಂಡು ಕಣ್ಣಿಗೊತ್ತಿಕೊಂಡರು.

ಟೀಚರಮ್ಮ ಗುಂಡನ್ನು ಕತ್ತಿಗೊತ್ತಿ ನಿಂತಾಗ ಕತ್ತೆಲ್ಲ ಅರಿಶಿನ, ಕೆನ್ನೆಯೆಲ್ಲ ಕುಂಕುಮ. ಎಸೆದರು. ಗುಂಡು ನೆಲಕ್ಕೆ ಬಿದ್ದದ್ದೇ ತಡ, ಮುದುಕಿ ಗೆರೆ ದಾಟಿ ಓಡಿದಳು. "ಅಯ್ಯೋ ನನ್ನಪ್ಪಾ, ಪೆಟ್ಟಾಯ್ತಾ?"

"ಅಜ್ಜಿ! ಒಳಗೆ ಬರಬೇಡಿ, ತಲೆ ಮೇಲೆ ಬೀಳುತ್ತೆ!"

"ನನ್ನ ದೇವ್ರು ನನ್ನ ತಲೆ ಮೇಲೆ ಬಿದ್ರೆ ನಿಂಗೇನಪ್ಪಾ ಕಷ್ಟ?"

ಕೊನೆಗೆ ಒಂದು ಒಪ್ಪಂದವಾಯಿತು. ಮುದುಕಿ ಗೆರೆಯಾಚೆ ಇರುವುದು, ಮಗ ಓಡಿ ಹೋಗಿ ಗುಂಡನ್ನು ಎರಡೂ ಕೈಯಲ್ಲಿ ತರುವುದು. ನಿನ್ನೆ ಹೊತ್ತು ಹೆಗಲು ಬಿದ್ದುಹೋದ ಗುಂಡನ್ನು ಅವನು ಮಧ್ಯಾಹ್ನವಿಡೀ ಹೊತ್ತ. ಯಾಕೆಂದರೆ ಒಬ್ಬರು ತಂದ ಗುಂಡನ್ನು ಸ್ಪರ್ಧೆಯ ಯಾರು ಬೇಕಾದರೂ ಎಸೆಯಬಹುದು ಅಂತ ನಿಯಮ, ಟೀಚರಮ್ಮನ ಎಸೆತ ನೋಡಿದ ಮೇಲೆ ಎಲ್ಲ ಹೆಂಗಸರಿಗೂ ಅದೇ ಬೇಕಾಯಿತು. ಕೈ ಮುಗಿದು ತೆಗೆದುಕೊಳ್ಳುವುದು, ಎಸೆಯುವುದು, ಕೆನ್ನೆ ಬಡಿದುಕೊಳ್ಳುವುದು. ಕೋಲಾರದ ಒಬ್ಬಾಕೆ ಹರಕೆ ಹೊತ್ತು ಎಸೆದು ಮೊದಲ ಸ್ಥಾನ ಹೊಡೆದುಕೊಂಡಳು. ಟೀಚರಮ್ಮನಿಗೆ ಎರಡನೆಯದು. ನಾನು ಚಟ್ನಿ ವಾಸನೆಯ ಚಕ್ರದಲ್ಲಿ ಐದನೆಯವಳು. ಈಟಿಯ ವಿಷಯ ಬೇಡ, ಅದಕ್ಕೆ ಮಾವಿನ ಮರದ ಅಭ್ಯಾಸವಾಗಿತ್ತು.

ಪದಕ ಕೊರಳಿಗೆ ಬಿದ್ದ ಟೀಚರಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡುತ್ತಿದ್ದರು. ಮುದುಕಿ ತಟ್ಟೆ ಹಿಡಿದುಕೊಂಡು ಬಂದು ಮುಂದೆ ನಿಂತಳು. "ಮೊದಲ ಫಲ ದೇವ್ರಿಗಲ್ವೇನಮ್ಮಾ?"

ಟೀಚರಮ್ಮ ನನ್ನ ಮುಖ ನೋಡಿದರು. ಅವರ ಯಜಮಾನರ ಮಾತು ನನಗೂ ನೆನಪಿತ್ತು. ಬೇಡ ಅಂತ ತಲೆಯಾಡಿಸಿದೆ. ಅವರು ಕೊಡೆ ಹಿಡಿದು ನಿಂತ ಮಗನನ್ನು ನೋಡಿದರು, ತಾಯಿಯನ್ನು ನೋಡಿದರು, ಪದಕ ತೆಗೆದು ಗುಂಡಿನ ಮೇಲೆ ಇಟ್ಟುಬಿಟ್ಟರು. ದೀಪದ ಹೊತ್ತಿಗಿಂತ ಮುಂಚೆ ದೇವರು ಊರು ಸೇರಬೇಕು ಅಂತ ಆಟೋ ಹೊರಟುಹೋಯಿತು. ನನ್ನ ಗುಂಡು ಈಗಲೂ ಅಲ್ಲೇ ಇದೆ. ಅವನೂ ಅಲ್ಲೇ ಇದ್ದಾನೆ, ಮೂರು ಹೊತ್ತು ಸ್ನಾನ ಮಾಡಿಕೊಂಡು. ಆ ಕಡೆ ಹೋದರೆ ನನಗೆ ಮೊದಲ ಪ್ರಸಾದ.

ಬಸ್ಸಿನಲ್ಲಿ ಟೀಚರಮ್ಮನ ಫೋನು ಬಡಿದುಕೊಂಡಿತು. ಸದ್ದಿನಲ್ಲಿ ಕೇಳಿಸಲ್ಲ ಅಂತ ಸ್ಪೀಕರ್ ಹಾಕಿದರು. ಆ ಕಡೆ ಟಕ್ ಟಕ್ ಅಂತ ಉಳಿಯ ಶಬ್ದ.

"ಏನಾಯ್ತು?"

"ಎರಡನೇ ಸ್ಥಾನ ಬಂತು ಕಣ್ರೀ."

"ಪದಕ?"

"ಕೊಟ್ರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ದೇವ್ರಿಗೆ ಹಾಕ್ಬಿಟ್ಟೆ."

"ಯಾವ ದೇವ್ರಿಗೆ?"

"ನಾನು ಎಸೆದ್ನಲ್ಲ, ಆ ದೇವ್ರಿಗೆ."

ಉಳಿಯ ಸದ್ದು ನಿಂತಿತು. ಹುಟ್ಟಿದಾಗಿನಿಂದ ದೇವರನ್ನು ಕೆತ್ತಿ, ಪುಡಿಯೂದಿ, ಎತ್ತಿಕೊಟ್ಟ ಮನುಷ್ಯ. ಟೀಚರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಬಸ್ಸು ಒಂದು ಹಂಪು ಹತ್ತಿ ಇಳಿಯಿತು.

ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ಎಷ್ಟು ದೂರ ಹೋಯ್ತು?"